ಬಾಯಿ ಆಡಿಸು, ದನಿ ಬಿಡಬೇಡ

ಮೂರು ವರ್ಷದ ಹಿಂದೆ ನಮ್ಮಮ್ಮ ತೀರಿಕೊಂಡಳು. (ನಮ್ಮ ಕಡೆ ಹೆತ್ತವಳು ಅವ್ವ, ಅವ್ವನ ಅವ್ವ ಅಮ್ಮ.) ಬೆಳಿಗ್ಗೆ ಫೋನ್ ಬಂತು. ಬೆಂಗಳೂರಿಂದ ಸಿಕ್ಕ ಗಾಡಿ ಹತ್ತಿ, ಕೊಪ್ಪಳ ಸೇರಿ, ರೈಲ್ವೆ ಹಳಿ ಆಚೆಗಿನ ನಮ್ಮ ಭಾಗ್ಯನಗರ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಅಮ್ಮನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಎದುರಿಗೆ ಭಜನಾ ಮಂಡಳಿಯವರು ಕೂತಿದ್ದರು. ಮಂಡಳಿ ಅಂದರೆ ಈಗ ನಾಲ್ಕೇ ಜನ, ಎಲ್ಲರಿಗೂ ಅರವತ್ತು ದಾಟಿದೆ. ಒಂದು ಪೇಟಿ, ಒಂದು ತಬಲಾ, ಒಂದು ದಮ್ಮಡಿ, ಎರಡು ಜೋಡಿ ತಾಳ.

ಒಂದು ಜೋಡಿ ತಾಳಕ್ಕೆ ಕೈ ಇರಲಿಲ್ಲ. ಪೇಟಿ ಬಾರಿಸೋ ಅಜ್ಜ ನನ್ನ ಕಡೆ ನೋಡಿದ. "ಬಾ ತಮ್ಮಾ, ಕುಂದ್ರು. ತಾಳ ಹಿಡಿ. ನಿಮ್ಮಮ್ಮಂದು ಇದು ಕಡೀ ಭಜನಿ. ನಾವು ಹೇಳ್ತೀವಿ, ನೀ ಹಿಂದ ಹಾಡು."

ಕೂತೆ. ತಾಳ ಹಾಕಿದೆ. ಇಡೀ ರಾತ್ರಿ ಬಾಯಿ ಆಡಿಸಿದೆ. ಒಂದು ಸ್ವರವೂ ಹೊರಗೆ ಬಿಡಲಿಲ್ಲ.

ಬೆಳಗಿನ ಜಾವ ಚಹಾ ಕುಡಿಯುವಾಗ ಅಜ್ಜ ಪಕ್ಕಕ್ಕೆ ಬಂದು ಕೂತ. "ತಾಳ ಚಲೋ ಹಾಕಿದಿ," ಅಂದ. ಆಮೇಲೆ ಬಸಿ ಕೆಳಗಿಟ್ಟು, "ದನಿ ಒಂದು ಕೇಳಲಿಲ್ಲ ನೋಡು" ಅಂದ. ಬೈದದ್ದಲ್ಲ. ಕೇಳಲಿಲ್ಲ ಅಂದ, ಅಷ್ಟೇ.

ಬಾಯಿ ಆಡಿಸೋ ಈ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕಲಿಸಿದವರಿದ್ದಾರೆ. ಐದನೇ ಇಯತ್ತೆಯಲ್ಲಿ ಆಗಸ್ಟ್ ಹದಿನೈದರ ಸಾಮೂಹಿಕ ಗೀತೆಯ ತಾಲೀಮು ನಡೆದಿತ್ತು. ಮಾಸ್ತರರು ಸಾಲಿನ ಮುಂದೆ ಕಿವಿ ಕೊಟ್ಟುಕೊಂಡು ಬರುತ್ತಾ ನನ್ನ ಮುಂದೆ ನಿಂತರು. "ನೀ ಬಾಯಿ ಆಡಿಸು ಸಾಕು, ದನಿ ಬಿಡಬ್ಯಾಡ." ಸಾಲಿನಲ್ಲಿದ್ದ ಹುಡುಗರು ನಕ್ಕರು. ನಾನೂ ನಕ್ಕೆ. ಅವರು ಕೆಟ್ಟ ಮನುಷ್ಯರಲ್ಲ, ಕಾರ್ಯಕ್ರಮ ಚೆಂದ ಆಗಬೇಕಿತ್ತು ಅಷ್ಟೇ. ಆದರೆ ಆ ಮಾತನ್ನು ನಾನು ಇಪ್ಪತ್ನಾಲ್ಕು ವರ್ಷ ಪಾಲಿಸಿದೆ. ನನ್ನ ಎತ್ತಿ ಆಡಿಸಿದ ಅಮ್ಮನ ಹೆಣದ ಮುಂದೆ ಕೂಡ ಪಾಲಿಸಿದೆ.

ಈ ಲೇಖನ ಆ ಮಾಸ್ತರರ ವಿರುದ್ಧ ಅಲ್ಲ. ಆ ಒಂದು ವಾಕ್ಯದ ವಿರುದ್ಧ. ಯಾಕಂದ್ರೆ ಅದು ನನಗೊಬ್ಬನಿಗೇ ಹೇಳಿದ ವಾಕ್ಯ ಅಲ್ಲ ಅಂತ ಆಮೇಲೆ ಗೊತ್ತಾಯ್ತು.

ನಿಮ್ಮ ಆಫೀಸಿನಲ್ಲಿ ಒಮ್ಮೆ ಕೇಳಿ ನೋಡಿ. ರಾಜ್ಯೋತ್ಸವದ ದಿನ ಕ್ಯಾಫೆಟೇರಿಯಾದಲ್ಲಿ ಮೈಕ್ ಕೈಯಿಂದ ಕೈಗೆ ದಾಟುವಾಗ ಯಾರು ಯಾರು "ಅಯ್ಯೋ ನಂಗ್ ಬರಲ್ಲ ಮಾರಾಯಾ" ಅಂತ ಹಿಂದೆ ಸರಿತಾರೆ ಗಮನಿಸಿ. ಮೆಲ್ಲಗೆ ಪಕ್ಕಕ್ಕೆ ಕರೆದು, "ಬರಲ್ಲ ಅಂತ ನಿಂಗ್ಯಾರು ಹೇಳಿದ್ರು?" ಅಂತ ಕೇಳಿ. ನಾನು ಕೇಳಿದೀನಿ. ಒಬ್ಬಳಿಗೆ ಟೀಚರ್ ಹೇಳಿದ್ದು. ಒಬ್ಬನಿಗೆ ಅಣ್ಣ. ಒಬ್ಬನಿಗೆ ಹಾಸ್ಟೆಲ್ಲಿನ ರೂಮ್‌ಮೇಟ್, "ಕತ್ತೆ ಬಂತು ಹುಲ್ಲು ಹಾಕ್ರೋ" ಅಂದಿದ್ದು. ಇನ್ನೊಬ್ಬನಿಗೆ ಮದುವೆಯಾದ ಹೊಸತರಲ್ಲಿ ಹೆಂಡತಿ. ತಾನೇ ಕಲಿಯಲು ಹೋಗಿ, ಆರು ತಿಂಗಳು ಕೂತು, ಆಗಲಿಲ್ಲ ಅಂತ ಎದ್ದು ಬಂದವರು ಒಬ್ಬರೂ ಸಿಗಲಿಲ್ಲ. ಎಲ್ಲರದ್ದೂ ತೀರ್ಪು ಮೊದಲು, ವಿಚಾರಣೆ ಇಲ್ಲವೇ ಇಲ್ಲ.

ಆ ತೀರ್ಪಿಗೆ ನಾವು ಇಟ್ಟಿರೋ ಗೌರವದ ಹೆಸರು "ಕಂಠ ದೈವದತ್ತ". ನಾನು ಹೇಳ್ತೀನಿ, ಇದು ನಮ್ಮ ಕಾಲದ ದೊಡ್ಡ ಸುಳ್ಳುಗಳಲ್ಲಿ ಒಂದು. ಕೆಟ್ಟದಾಗಿ ಹಾಡೋರಲ್ಲಿ ಬಹುಪಾಲು ಜನ ಹಾಡಲು ಬಾರದೆ ಹುಟ್ಟಿದವರಲ್ಲ. ಹಾಡೋದನ್ನು ನಿಲ್ಲಿಸಿದವರು, ಇಲ್ಲಾ ನಿಲ್ಲಿಸಲ್ಪಟ್ಟವರು.

ಸಾಕ್ಷಿ ಏನು ಅಂತೀರಾ? ಮೊದಲು ಕಿವಿಯಿಂದ ಶುರು ಮಾಡೋಣ. ಹುಟ್ಟಿನಿಂದಲೇ ಸ್ವರದ ಏರಿಳಿತ ಹಿಡಿಯಲಾಗದವರು ನಿಜವಾಗಿಯೂ ಇದ್ದಾರೆ. ಅದಕ್ಕೆ ವಿಜ್ಞಾನಿಗಳು ಅಮ್ಯೂಸಿಯಾ ಅಂತಾರೆ. ಮಾಂಟ್ರಿಯಲ್‌ನ ಇಸಾಬೆಲ್ ಪೆರೆಟ್ಜ್ ಇದರ ಮೇಲೆ ದಶಕಗಳಿಂದ ಕೆಲಸ ಮಾಡಿದವರು. 2017ರಲ್ಲಿ ಅವರು ಮತ್ತು ಜೊತೆಗಾರರು ದೊಡ್ಡ ಸಂಖ್ಯೆಯ ಜನರನ್ನು ಪರೀಕ್ಷಿಸಿ ಕೊಟ್ಟ ಲೆಕ್ಕ ಸುಮಾರು ಶೇ. 1.5. ಅಂದರೆ ನೂರು ಜನರ ಮದುವೆ ಮನೆಯಲ್ಲಿ ಒಬ್ಬರೋ ಇಬ್ಬರೋ. ಇದರ ಪಕ್ಕಕ್ಕೆ ಇನ್ನೊಂದು ಅಂಕಿ ಇಡಿ: 2005ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಕೇಳಿದಾಗ ಸುಮಾರು ಶೇ. 17 ಮಂದಿ "ನಮಗೆ ಸ್ವರಜ್ಞಾನವೇ ಇಲ್ಲ" ಅಂದುಕೊಂಡಿದ್ದರು. ನಿಜ ಒಂದೂವರೆ, ನಂಬಿಕೆ ಹದಿನೇಳು. ನಡುವಿನ ಅಷ್ಟೂ ಜನ ಯಾರದೋ ಮಾತು ಕೇಳಿ ಬಾಯಿ ಮುಚ್ಚಿದವರು ಅಂತ ನಾನು ಓದಿಕೊಳ್ತೀನಿ.

ನೀವು ಯಾವ ಗುಂಪು ಅಂತ ತಿಳಿಯೋಕೆ ಲ್ಯಾಬ್ ಬೇಡ. "ಬಂದ್ಯಾ" ಅಂತ ಯಾರೋ ಹೇಳಿದರೆ ಅದು ಪ್ರಶ್ನೆಯೋ, ಕೊನೆಗೂ ಬಂದೆಯಲ್ಲ ಅನ್ನೋ ಕೊಂಕೋ ಬಾಗಿಲಾಚೆಯಿಂದಲೇ ಗೊತ್ತಾಗುತ್ತಲ್ಲ? ಅಲ್ಲಿ ನೀವು ಹಿಡಿಯುತ್ತಿರೋದು ದನಿಯ ಏರಿಳಿತವನ್ನೇ. ಇನ್ನೊಂದು ಇದಕ್ಕಿಂತ ಗಟ್ಟಿ ಪರೀಕ್ಷೆ: ಪಕ್ಕದವನು ಬೇಸುರಾಗಿ ಹಾಡಿದರೆ ನಿಮ್ಮ ಮುಖ ಕಿವುಚುತ್ತದಾ? ಹಾಗಿದ್ದರೆ ಕಿವಿ ಸರಿ ಇದೆ. ಕಿವಿ ಇಲ್ಲದವನಿಗೆ ಬೇಸುರು ಕೇಳಿಸೋದೇ ಇಲ್ಲ, ಅವನು ಮುಖ ಯಾಕೆ ಕಿವುಚಿಯಾನು?

ಹಾಗಾದ್ರೆ ಕಿವಿ ಸರಿ ಇದ್ದೂ ಯಾಕೆ ಕೆಟ್ಟದಾಗಿ ಹಾಡ್ತೀವಿ? 2007ರಲ್ಲಿ ಪೀಟರ್ ಫೋರ್ಡ್ರೆಶರ್ ಮತ್ತು ಸ್ಟೀವನ್ ಬ್ರೌನ್ ಅನ್ನೋ ಇಬ್ಬರು ಸಂಶೋಧಕರು ಇದನ್ನೇ ಹುಡುಕಿಕೊಂಡು ಹೋದರು. ಅಪಸ್ವರ ಹಾಡುವವರಲ್ಲಿ ಹೆಚ್ಚಿನವರು ಸ್ವರಗಳ ವ್ಯತ್ಯಾಸವನ್ನು ಕೇಳಿ ಸರಿಯಾಗಿಯೇ ಗುರುತಿಸುತ್ತಿದ್ದರು. 2012ರಲ್ಲಿ ಶಾನ್ ಹಚಿನ್ಸ್ ಮತ್ತು ಪೆರೆಟ್ಜ್ ಇನ್ನೊಂದು ಹೆಜ್ಜೆ ಹೋಗಿ, ಜಾರಿಸಿದರೆ ಸ್ವರ ಏರಿಳಿಯುವ ಒಂದು ಪಟ್ಟಿಯನ್ನು ಜನರ ಕೈಗೆ ಕೊಟ್ಟರು. ಕೇಳಿದ ಸ್ವರವನ್ನು ಬೆರಳು ಜಾರಿಸಿ ಕೂಡಿಸಿ ಅಂದರೆ ಚೆನ್ನಾಗಿಯೇ ಕೂಡಿಸಿದರು. ಅದೇ ಸ್ವರವನ್ನು ಗಂಟಲಿನಿಂದ ಕೂಡಿಸಿ ಅಂದಾಗ ಎಡವಿದರು. ಅಲ್ಲಿಗೆ ತಪ್ಪು ಕಿವಿಯದ್ದಲ್ಲ, ಕಿವಿಯಿಂದ ಗಂಟಲಿಗೆ ಹೋಗೋ ದಾರಿಯದ್ದು. ಗೋಲಿ ಆಡುವಾಗ ಗುರಿ ಕಣ್ಣಿಗೆ ಕಾಣುತ್ತೆ, ಬೆರಳು ಮಾತ್ರ ಅತ್ತ ಇತ್ತ ಹೊಡೆಯುತ್ತೆ. ಆಗ ನಾವು "ಇವನಿಗೆ ಕಣ್ಣಿಲ್ಲ" ಅಂತೀವಾ? ಇನ್ನೂ ಕೈ ಕೂತಿಲ್ಲ ಅಂತೀವಿ. ಹಾಡಿನಲ್ಲಿ ಮಾತ್ರ ಗಂಟಲು ಕೂತಿಲ್ಲ ಅನ್ನಲ್ಲ, ಇವನಿಗೆ ದೇವರು ಕೊಟ್ಟಿಲ್ಲ ಅಂತೀವಿ.

ನನ್ನನ್ನು ತಣ್ಣಗೆ ಮಾಡಿದ್ದು ಇನ್ನೊಂದು ಅಧ್ಯಯನ. 2015ರಲ್ಲಿ ಅಮೆರಿಕದ ಸ್ಟೀವನ್ ಡೆಮೊರೆಸ್ಟ್ ಮತ್ತು ಅದೇ ಫೋರ್ಡ್ರೆಶರ್ ಶಿಶುವಿಹಾರದ ಮಕ್ಕಳು, ಆರನೇ ತರಗತಿಯವರು, ಕಾಲೇಜಿನವರು, ಮೂರೂ ಗುಂಪನ್ನು ಹಾಡಿಸಿ ಹೋಲಿಸಿದರು. ಶಿಶುವಿಹಾರದಿಂದ ಆರನೇ ತರಗತಿಗೆ ಬರುವಷ್ಟರಲ್ಲಿ ಮಕ್ಕಳ ಶ್ರುತಿ ಬಹಳ ಸುಧಾರಿಸಿತ್ತು. ಆದರೆ ಕಾಲೇಜಿನವರು ಕೆಲವು ಪರೀಕ್ಷೆಗಳಲ್ಲಿ ಮತ್ತೆ ಶಿಶುವಿಹಾರದ ಮಟ್ಟಕ್ಕೇ ಇಳಿದಿದ್ದರು. ನಡುವೆ ಏನಾಯ್ತು? ಹಾಡೋದು ನಿಂತಿತು. ದೇವರು ಕೊಟ್ಟದ್ದೇ ಆಗಿದ್ದರೆ ಹನ್ನೆರಡನೇ ವಯಸ್ಸಿಗೆ ಕೊಟ್ಟು ಇಪ್ಪತ್ತನೇ ವಯಸ್ಸಿಗೆ ವಾಪಸ್ ತಗೊಳ್ತಾನಾ?

ನಮ್ಮ ಹಳಬರಿಗೆ ಈ ಸಂಶೋಧನೆ ಬೇಕಿರಲಿಲ್ಲ. "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ" ಅಂತ ಗಾದೆ ಮಾಡಿಟ್ಟರು. ಗಾದೆಯನ್ನು ನಾವು ಮೆಸೇಜಿನಲ್ಲಿ ಫಾರ್ವರ್ಡ್ ಮಾಡ್ತೀವಿ, ಪಾಲಿಸೋದು ಮಾತ್ರ ಅದರ ಎರಡನೇ ಅರ್ಧ.

ನಮ್ಮ ಮನೆಯ ಅಡುಗೆಮನೆಗೆ ಬನ್ನಿ. ಜೋಳದ ರೊಟ್ಟಿ ಬಡಿಯೋದು ಹಾಡೋದಕ್ಕಿಂತ ಸುಲಭ ಅಂತ ಯಾರಾದ್ರೂ ಅಂದರೆ ಅವರು ಒಮ್ಮೆಯೂ ಬಡಿದಿಲ್ಲ ಅಂತಲೇ ಅರ್ಥ. ಹಿಟ್ಟಿಗೆ ಬಿಸಿನೀರಿನ ಹದ, ನಾದೋ ಹದ, ಅಂಚು ಒಡೆಯದಂತೆ ಅಂಗೈ ತಿರುಗಿಸೋ ಹದ. ಮೊದಲನೇ ರೊಟ್ಟಿ ಭೂಪಟದಂತೆ ಬರುತ್ತೆ. ನಮ್ಮಮ್ಮ ಎಷ್ಟೋ ಹುಡುಗಿಯರಿಗೆ ಕಲಿಸಿದಳು. ಹರಿದ ರೊಟ್ಟಿ ನೋಡಿ "ನಿನ್ನ ಕೈಯಾಗ ರೊಟ್ಟಿ ಇಲ್ಲ, ಏಳು" ಅಂತ ಯಾರನ್ನೂ ಎಬ್ಬಿಸಲಿಲ್ಲ. "ಇನ್ನೊಂದು ಹಿಡಿ ಹಿಟ್ಟು ತಗೋ" ಅಂದಳು. ಮಗ್ಗದ ಮನೆಯಲ್ಲೂ ಅದೇ. ಭಾಗ್ಯನಗರ ನೇಕಾರರ ಊರು. ಮಗ್ಗಕ್ಕೆ ಹೊಸದಾಗಿ ಕೂತವನ ಲಾಳಿ ಅಡ್ಡ ಹಾರುತ್ತೆ, ಎಳೆ ಹರಿಯುತ್ತೆ. ಎಳೆ ಕಟ್ಟಿ ಮತ್ತೆ ಕೂರಿಸ್ತಾರೆ. ನೇಯ್ಗೆ ದೈವದತ್ತ ಅಂತ ಯಾರೂ ಅನ್ನಲ್ಲ. ಅಂದರೆ ಹೊಟ್ಟೆ ತುಂಬಲ್ಲ. ರೊಟ್ಟಿ ಎಲ್ಲರಿಗೂ ಬೇಕು, ಸೀರೆ ಎಲ್ಲರಿಗೂ ಬೇಕು, ಅದಕ್ಕೇ ಎಲ್ಲರಿಗೂ ಕಲಿಸ್ತೀವಿ. ಹಾಡು ಮಾತ್ರ ಯಾರೋ ಕೆಲವರು ಹಾಡಿದರೆ ಸಾಕು ಅಂತ ಯಾವಾಗ ತೀರ್ಮಾನ ಆಯ್ತು?

ಕೊಪ್ಪಳದಿಂದ ಹುಬ್ಬಳ್ಳಿ ಕಡೆ ಹೋಗೋ ರೈಲು ಹತ್ತಿದರೆ ದೂರವೇನಿಲ್ಲ, ಗದಗ ಬರುತ್ತೆ. ಅಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟು ಕುರುಡರು. ಆಮೇಲೆ ಅದನ್ನು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಆ ಆಶ್ರಮ ಬಾಗಿಲು ತೆರೆದದ್ದು ಯಾರ ಕಂಠ ಜೇನು ಅಂತ ನೋಡಿ ಅಲ್ಲ. ಕಣ್ಣಿಲ್ಲದ, ದಿಕ್ಕಿಲ್ಲದ, ಬಡ ಮಕ್ಕಳು ಬಂದರೆ ಊಟ ಹಾಕಿ ಸಂಗೀತ ಕಲಿಸಿದರು. ಅಲ್ಲಿಂದ ಬಸವರಾಜ ರಾಜಗುರು ಬಂದರು, ವೆಂಕಟೇಶ ಕುಮಾರ್ ಬಂದರು. ಆ ಹೆಸರುಗಳು ಎಲ್ಲರಿಗೂ ಗೊತ್ತು. ನಾನು ಹೇಳಬೇಕಾಗಿರೋದು ಹೆಸರು ಗೊತ್ತಿಲ್ಲದವರ ಬಗ್ಗೆ. ನಮ್ಮ ಭಾಗದ ಊರೂರಲ್ಲಿ ಪುರಾಣ ಹಚ್ಚಿದಾಗ ಹಾಡುವವರು, ಕೀರ್ತನಕಾರರು, ನಾಟಕ ಕಂಪನಿಗಳ ಪೇಟಿ ಮಾಸ್ತರರು, ಸಾಲಿಯ ಸಂಗೀತ ಮಾಸ್ತರರು, ಇವರಲ್ಲಿ ಎಷ್ಟು ಜನ ಆ ಆಶ್ರಮದ ಅನ್ನ ಉಂಡವರು! ಎಲ್ಲರೂ ರಾಜಗುರು ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಎಲ್ಲರೂ ಹಾಡಿದರು.

"ಇಂಪಾದ ಕಂಠ" ಅನ್ನೋ ಇನ್ನೊಂದು ಮೂಢನಂಬಿಕೆ ಇದೆಯಲ್ಲ, ಅದಕ್ಕೂ ಉತ್ತರ ನಮ್ಮ ಕಡೆಯೇ ಇದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಅವರ ಮೊದಮೊದಲ ರೆಕಾರ್ಡುಗಳಲ್ಲಿರೋದು ತೆಳ್ಳಗಿನ ಎತ್ತರದ ದನಿ. ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿ ದನಿ ಒಡೆದು, ಗಂಡಸರ ದನಿಯಂತೆ ಭಾರವಾಯಿತು. ಅವರು ನಿಲ್ಲಿಸಲಿಲ್ಲ. ಇದ್ದ ದನಿಯನ್ನೇ ದುಡಿಸಿ ಕಿರಾಣಾ ಘರಾಣೆಯ ದೊಡ್ಡ ಹೆಸರಾದರು. ಈಗಿನ ಯಾವುದಾದರೂ ರಿಯಾಲಿಟಿ ಶೋ ಆಡಿಷನ್ನಿನ ಸಾಲಿನಲ್ಲಿ ಆ ದನಿಯ ಹುಡುಗಿ ನಿಂತಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿ. ಕುಮಾರ ಗಂಧರ್ವರಿಗೆ ಕ್ಷಯ ಬಂದು ಒಂದು ಪುಪ್ಪುಸ ಹಾಳಾಗಿ ಸುಮಾರು ಐದು ವರ್ಷ ಹಾಡುವ ಹಾಗೇ ಇರಲಿಲ್ಲ. ಎದ್ದ ಮೇಲೆ ಉಳಿದ ಉಸಿರಿಗೆ ತಕ್ಕಂತೆ ಚಿಕ್ಕ ಚಿಕ್ಕ ತುಣುಕಿನಲ್ಲಿ ಹಾಡಿದರು, ಅದೇ ಅವರ ಶೈಲಿಯಾಯಿತು.

ಈಗ ನೀವು ಅಡ್ಡ ಬರ್ತೀರಿ ಅಂತ ಗೊತ್ತು. "ಅವರೆಲ್ಲ ಮಹಾನುಭಾವರು, ನಮ್ಮ ಮಾತು ಬೇರೆ. ಮತ್ತೆ ಎಸ್ಪಿಬಿ? ಅವರು ಕಲಿಯದೇ ಹಾಡಲಿಲ್ವಾ? ಅದು ದೈವದತ್ತ ಅಲ್ವಾ?" ಒಳ್ಳೆ ಪ್ರಶ್ನೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ, ನಿಜ. ಅದೇ ಗದುಗಿನ ಪಂಚಾಕ್ಷರಿ ಗವಾಯಿಗಳ ಮೇಲೆ ಬಂದ ಸಿನಿಮಾದಲ್ಲಿ, ಹಂಸಲೇಖ ಅವರ ಸಂಗೀತದಲ್ಲಿ, ಹಿಂದುಸ್ತಾನಿ ಶೈಲಿಯ ಹಾಡು ಹಾಡಿ ರಾಷ್ಟ್ರಪ್ರಶಸ್ತಿಯನ್ನೂ ತಗೊಂಡರು. ಆದರೆ ಕ್ಲಾಸಿಗೆ ಹೋಗದೇ ಇರೋದು ಬೇರೆ, ಕಲಿಯದೇ ಇರೋದು ಬೇರೆ. ಆ ಹೊತ್ತಿಗೆ ಅವರು ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ಹಲವು ಭಾಷೆಗಳಲ್ಲಿ ಸಾವಿರಾರು ಹಾಡು ಹಾಡಿದ್ದರು. ಒಂದೊಂದಕ್ಕೂ ಸಂಗೀತ ನಿರ್ದೇಶಕನೆದುರು ನಿಂತು, ತಿದ್ದಿಸಿಕೊಂಡು, ಮತ್ತೆ ಹಾಡಿ. ಅಷ್ಟು ತಿದ್ದಿಸಿಕೊಂಡವನನ್ನು "ಕಲಿಯದವನು" ಅನ್ನೋದು ಅವರ ದುಡಿಮೆಗೆ ಮಾಡೋ ಅವಮಾನ. ಪ್ರತಿಭೆ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ, ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ. ಎಲ್ಲರೂ ಎಸ್ಪಿಬಿ ಆಗ್ತಾರೆ ಅನ್ನೋನು ಕೋಚಿಂಗ್ ಸೆಂಟರ್ ನಡೆಸ್ತಿರಬೇಕು. ನಾನು ಕೇಳ್ತಿರೋದು ಅದಲ್ಲ. ರೊಟ್ಟಿ ಬಡಿಯೋರೆಲ್ಲ ಖಾನಾವಳಿ ಇಡಲ್ಲ. ಆದರೆ ಮನೆಮಂದಿ ಉಣ್ಣೋ ಹಾಗೆ ರೊಟ್ಟಿ ಬರುತ್ತೆ. ಶ್ರುತಿ ಬಿಡದೆ ಒಂದು ಪದ, ಒಂದು ಜೋಗುಳ, ನಾಲ್ಕು ಜನರ ಜೊತೆ ದನಿ ಕೂಡಿಸಿ ಒಂದು ಭಜನೆ. ಇಷ್ಟು ಆ ಒಂದೂವರೆ ಪರ್ಸೆಂಟ್ ಬಿಟ್ಟು ಬಹುತೇಕ ಎಲ್ಲರಿಗೂ ಸಾಧ್ಯ. ನನ್ನ ವಾದ ಇಷ್ಟೇ.

ಇನ್ನೊಂದು ಅಡ್ಡಮಾತು: "ಕೇಳೋರ ಗತಿ ಏನು?" ಕೇಳೋರಿಗೆ ಏನೂ ಆಗಲ್ಲ ಸ್ವಾಮಿ. ಮಗು ನಡೆಯೋದು ಕಲಿಯುವಾಗ ಬೀಳೋದನ್ನು ನೋಡಿದವರೆಲ್ಲ ಬದುಕಿದ್ದಾರೆ. ನಾವು ಕೇಳೋರ ಬಗ್ಗೆ ಇಷ್ಟು ಕರುಣೆ ಇಟ್ಟುಕೊಂಡಿದ್ದೇವಾದರೆ, ಬೆಳಗಿನ ಆರಕ್ಕೆ ಮೆಟ್ರೋದಲ್ಲಿ ಸ್ಪೀಕರ್ ಹಾಕಿ ರೀಲ್ಸ್ ನೋಡೋರಿಗೆ ಯಾಕೆ ಏನೂ ಅನ್ನಲ್ಲ?

ನಿಜ ಏನಂದ್ರೆ ಕೇಳೋ ಕಿವಿಯ ಅಳತೆಗೋಲನ್ನೇ ಬದಲಾಯಿಸಿಬಿಟ್ಟಿದ್ದಾರೆ. 1997ರಲ್ಲಿ ಆಟೋಟ್ಯೂನ್ ಅನ್ನೋ ತಂತ್ರಾಂಶ ಬಂತು. ಜಾರಿದ ಸ್ವರವನ್ನು ಎಳೆದು ಸರಿಯಾದ ಜಾಗಕ್ಕೆ ಕೂರಿಸುತ್ತೆ. ಇವತ್ತು ನಾವು ಹೆಡ್‌ಫೋನಿನಲ್ಲಿ ಕೇಳೋ ಸಿನಿಮಾ ಹಾಡುಗಳಲ್ಲಿ ಅಂಥ ತಿದ್ದುಪಡಿ ಮಾಮೂಲು. ಅದನ್ನೇ ದಿನವಿಡೀ ಕೇಳಿ, ಬಚ್ಚಲಮನೆಯಲ್ಲಿ ನಮ್ಮ ತಿದ್ದದ ದನಿ ಕೇಳಿ ನಾಚಿಕೊಳ್ತೀವಿ. ಅದರ ಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದರೆ ಇನ್ನೂ ಆಘಾತ. "ಇದು ನನ್ನ ದನಿನಾ?" ನಾವು ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಷ್ಟೇ ಅಲ್ಲ, ತಲೆಬುರುಡೆಯ ಮೂಳೆಯಲ್ಲೂ ಹಾದು ನಮ್ಮ ಕಿವಿ ಸೇರುತ್ತೆ, ಅದಕ್ಕೇ ನಮಗೆ ಅದು ತುಂಬಿಕೊಂಡ ಹಾಗೆ ಕೇಳಿಸುತ್ತೆ. ಫೋನಿಗೆ ಮೂಳೆ ಇಲ್ಲ. ರೆಕಾರ್ಡಿನ ದನಿ ಎಲ್ಲರಿಗೂ ವಿಚಿತ್ರ ಅನಿಸುತ್ತೆ, ಅದು ಕೆಟ್ಟದು ಅನ್ನೋದಕ್ಕೆ ಪುರಾವೆ ಅಲ್ಲ.

ಹುಡುಗರಿಗೆ ಇನ್ನೊಂದು ಅನ್ಯಾಯ ಇದೆ. ಹನ್ನೆರಡು, ಹದಿಮೂರು, ಹದಿನಾಲ್ಕನೇ ವಯಸ್ಸಿನಲ್ಲಿ ದನಿಪೆಟ್ಟಿಗೆ ಬೆಳೆದು ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತೆ. ನಿನ್ನೆವರೆಗೆ ಹಾಡುತ್ತಿದ್ದ ಹಾಡು ಇವತ್ತು ಗಂಟಲಿಗೆ ಸಿಗಲ್ಲ, ಮೈಮೇಲೆ ಬೇರೆಯವರ ಅಂಗಿ ಹಾಕಿದ ಹಾಗೆ. ಹೊಸ ದನಿಯ ಅಳತೆ ಸಿಗೋಕೆ ಒಂದೆರಡು ವರ್ಷ ಬೇಕು. ಸರಿಯಾಗಿ ಆ ಹೊತ್ತಿಗೇ ಅವನಿಗೆ ಕತ್ತೆ ಅಂತ ಹೆಸರು ಬೀಳುತ್ತೆ. ಅವನು ಕ್ರಿಕೆಟ್ಟಿಗೆ ಹೋಗ್ತಾನೆ. ಮೂವತ್ತಕ್ಕೆ ಆಫೀಸಿನಲ್ಲಿ "ನಂಗ್ ಬರಲ್ಲ ಮಾರಾಯಾ" ಅಂತಾನೆ.

ಅಮ್ಮನ ಮಣ್ಣು ಮುಗಿಸಿ ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನೊಬ್ಬ ಟೀಚರನ್ನು ಹುಡುಕಿಕೊಂಡೆ. ಧಾರವಾಡ ಕಡೆಯವರು, ಸಂಜೆ ಮಕ್ಕಳಿಗೆ ಹೇಳಿಕೊಡ್ತಾರೆ. ಚಾಪೆಯ ಮೇಲೆ ಎಂಟು ವರ್ಷದ ಐದು ಮಕ್ಕಳು, ಪಕ್ಕದಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇಟ್ಟುಕೊಂಡ ನಾನು. ಮೊದಲ ದಿನ ನನಗೆ ಗೊತ್ತಿದ್ದ ಒಂದು ಸಿನಿಮಾ ಹಾಡು ಹಾಡಿ ಅಂದರು. ಮೇಲಿನ ಸ್ವರಕ್ಕೆ ಕೊರಳ ನರ ಉಬ್ಬಿತು, ದನಿ ಒಡೆಯಿತು. ಅವರು ನಗಲಿಲ್ಲ. "ಇದು ನಿಮ್ಮ ಶ್ರುತಿ ಅಲ್ಲರೀ. ನೀವು ಮಾತಾಡೋ ದನಿ ಎಲ್ಲೈತೋ ಅಲ್ಲಿಂದ ಶುರು ಮಾಡೋಣು," ಅಂದರು. ಕರಿ ಎರಡರಲ್ಲಿ ಒದ್ದಾಡುತ್ತಿದ್ದ ನನ್ನನ್ನು ಕರಿ ಒಂದಕ್ಕೂ ಕೆಳಗೆ ಇಳಿಸಿ ಕೂರಿಸಿದರು. ಅದೇ ಹಾಡು ಅರ್ಧ ಸರಿ ಹೋಯಿತು! ಇಪ್ಪತ್ನಾಲ್ಕು ವರ್ಷದ ನನ್ನ ದುಃಖದಲ್ಲಿ ಅರ್ಧ ಪಾಲು ಪೇಟಿಯ ಎರಡು ಮೂರು ಪಟ್ಟಿಯ ಅಂತರ ಅಷ್ಟೇ ಆಗಿತ್ತು. ಐದನೇ ಇಯತ್ತೆಯಲ್ಲೂ ಇಷ್ಟೇ ಇತ್ತೋ ಏನೋ. ಕೇಳಿ ನೋಡಿದವರು ಯಾರೂ ಇರಲಿಲ್ಲ.

ಉಳಿದರ್ಧಕ್ಕೆ ಬೆವರು ಬೇಕಾಯಿತು. ಮೂರು ವಾರ ಬರೀ ಷಡ್ಜ. ತಂಬೂರಿ ಆ್ಯಪ್ ಹಾಕಿಕೊಂಡು ಒಂದೇ 'ಸಾ' ಹಿಡಿದು ಕೂರೋದು. ದನಿ ತಂಬೂರಿಯೊಳಗೆ ಕರಗಿ ಕಾಣೆಯಾದರೆ ಸರಿ, ಪಕ್ಕದಲ್ಲಿ ಗುಂಯ್ ಅಂತ ಜಗಳ ಆಡಿದರೆ ತಪ್ಪು. ಮೊದಲ ವಾರ ಜಗಳವೂ ಕೇಳಿಸಲಿಲ್ಲ. ಎರಡನೇ ವಾರ ಕೇಳಿಸಿತು, ತಿದ್ದಲು ಬರಲಿಲ್ಲ. ಮೂರನೇ ವಾರ ಒಂದು ಸಂಜೆ ದನಿ ತಾನಾಗಿ ಜಾರಿ ಹೋಗಿ ಕೂತಿತು. ಆಮೇಲೆ ಒಂದೊಂದೇ ಸ್ವರ, ನಿಧಾನಕ್ಕೆ. ಹಾಡನ್ನು ನಿಧಾನ ಮಾಡಿದರೆ ಸಾಮಾನ್ಯ ಜನ ಹೆಚ್ಚು ಶ್ರುತಿಯಲ್ಲಿ ಹಾಡ್ತಾರೆ ಅಂತ ಮಾಂಟ್ರಿಯಲ್‌ನಲ್ಲಿ 2007ರಲ್ಲೇ ಕಂಡುಕೊಂಡಿದ್ದರು ಅಂತ ಆಮೇಲೆ ಓದಿದೆ. ಟೀಚರ್ ಅದನ್ನು ಓದಿರಲಿಲ್ಲ, ಅವರಿಗೆ ಗೊತ್ತಿತ್ತು. ಪಕ್ಕದ ಎಂಟು ವರ್ಷದ ಹುಡುಗಿ ನನ್ನ ತಪ್ಪನ್ನು ತಿದ್ದುತ್ತಿದ್ದಳು: "ಅಂಕಲ್, ನೀವು ಪಾ ಅಂತ ಮಾ ಹಾಡ್ತಿದೀರಾ." ನಾಚಿಕೆ ಆಗಲಿಲ್ಲವಾ? ಆಯ್ತು. ಎರಡು ತಿಂಗಳಿಗೆ ಅದೂ ಹೋಯ್ತು.

ಇದೆಲ್ಲ ನಿಮಗೆ ಹವ್ಯಾಸದ ಮಾತು ಅನಿಸಬಹುದು. ಗಿಟಾರ್ ಕಲಿ, ಮಣ್ಣಿನ ಮಡಕೆ ಮಾಡು, ಟ್ರೆಕಿಂಗ್ ಹೋಗು, ಅದರ ಸಾಲಿನಲ್ಲಿ ಇದೂ ಒಂದು ಅಂತ. ಅಲ್ಲ. ಹೋದ ವರ್ಷ ನನ್ನ ತಂಗಿಯ ಮಗಳನ್ನು ತೊಟ್ಟಿಲಿಗೆ ಹಾಕಿದರು. ಮನೆ ತುಂಬ ಹೆಣ್ಣುಮಕ್ಕಳು, ಇಂಜಿನಿಯರು, ನರ್ಸು, ಬ್ಯಾಂಕಿನವರು. ತೊಟ್ಟಿಲು ತೂಗುವಾಗ ಹಾಡಬೇಕಲ್ಲ? "ನೀ ಹಾಡು", "ಏ ನಂಗ ಬರಂಗಿಲ್ಲ, ನೀ ಹಾಡು" ಅಂತ ಒಬ್ಬರನ್ನೊಬ್ಬರು ತಳ್ಳಿದರು. ಕಡೆಗೆ ಯಾರೋ ಫೋನಿನಲ್ಲಿ ಯೂಟ್ಯೂಬ್ ಜೋಗುಳ ಹಚ್ಚಿ ತೊಟ್ಟಿಲ ಪಕ್ಕಕ್ಕಿಟ್ಟರು. ಎರಡನೇ ನುಡಿಗೆ ಅಡ್ಡ ಬಂತು ಜಾಹೀರಾತು: ಐದೇ ನಿಮಿಷದಲ್ಲಿ ಪರ್ಸನಲ್ ಲೋನ್. ಎಲ್ಲರೂ ನಕ್ಕರು. ಓಣಿಯ ಒಬ್ಬ ಮುದುಕಿ ಮಾತ್ರ ನಗಲಿಲ್ಲ. "ಕೂಸಿಗೆ ಸಾಲ ಕೊಡಾಕ ಬಂದ್ರೇನು?" ಅಂತ ಫೋನು ಸರಿಸಿ ತಾನೇ ಹಾಡಿದಳು. ಹಲ್ಲಿಲ್ಲ, ದನಿ ನಡುಗುತ್ತೆ, ಎರಡು ಕಡೆ ಶ್ರುತಿ ಹೋಯ್ತು. ಕೂಸು ನಿದ್ದೆ ಮಾಡಿತು.

ಆ ಮುದುಕಿಗೆ ಯಾರೂ ನಿನಗೆ ಹಾಡು ಬರುತ್ತಾ ಅಂತ ಕೇಳಿದವರಿಲ್ಲ. ಬೀಸುವಾಗ ಹಾಡಿದಳು, ಕಂಡಿಕಿ ಸುತ್ತುವಾಗ ಹಾಡಿದಳು, ಮೊಹರಂನಲ್ಲಿ ಗಂಡಸರ ರಿವಾಯತ್ ಕೇಳಿ ಗುನುಗಿದಳು, ಮದುವೆಯಲ್ಲಿ ಸೋಬಾನೆಗೆ ದನಿ ಕೂಡಿಸಿದಳು. ದಿನಕ್ಕೆ ಎರಡು ತಾಸು ರಿಯಾಜು, ಅದಕ್ಕೆ ರಿಯಾಜು ಅನ್ನೋ ಹೆಸರಿರಲಿಲ್ಲ. ಈಗ ನಮ್ಮೂರಿನಲ್ಲಿ ಮನೆಮನೆಗೆ ಕೂದಲ ಕೆಲಸ ಇದೆ. ಭಾಗ್ಯನಗರದ ಕೂದಲು ಪರದೇಶಕ್ಕೆ ಹೋಗುತ್ತೆ. ಹೆಂಗಸರು ಸಾಲಾಗಿ ಕೂತು ಸಿಕ್ಕು ಬಿಡಿಸ್ತಾರೆ. ಬೀಸುಕಲ್ಲಿನಷ್ಟೇ ಬೇಸರದ ಕೆಲಸ, ಹಾಡಿಗೆ ಹೇಳಿ ಮಾಡಿಸಿದ ಕೆಲಸ. ನಾನು ಹೋದಾಗ ನೋಡಿದ್ದು: ಮೂಲೆಯಲ್ಲಿ ಒಂದು ಫೋನು ಹಾಡ್ತಿರುತ್ತೆ, ಹತ್ತು ಬಾಯಿ ಸುಮ್ಮನಿರುತ್ತೆ. ಅವರನ್ನು ನಾನು ಯಾವ ಬಾಯಿಂದ ದೂರಲಿ? ನಾನೇ ಬಾಯಿ ಆಡಿಸಿದವನು.

ಅದಕ್ಕೇ ಇಷ್ಟೆಲ್ಲ ಹೇಳಿದ್ದು. ನಮ್ಮ ತಲೆಮಾರಿನವರು ಹಾಡದೇ ಹೋದರೆ ಸಂಗೀತ ಸಾಯಲ್ಲ, ಅದನ್ನು ನೋಡಿಕೊಳ್ಳೋಕೆ ಕಲಾವಿದರಿದ್ದಾರೆ. ಸಾಯೋದು ನಮ್ಮ ತೊಟ್ಟಿಲ ಹಾಡು, ನಮ್ಮ ಹೆಣದ ಮುಂದಿನ ಭಜನೆ. ಅಲ್ಲಿಗೆ ಯಾವ ಕಲಾವಿದನೂ ಬರಲ್ಲ. ಅದು ಮನೆಯವರದ್ದೇ ಕೆಲಸ.

ನಿಮಗೆ ಮಕ್ಕಳಿದ್ದರೆ ದಯವಿಟ್ಟು ಆ ವಾಕ್ಯ ಹೇಳಬೇಡಿ. ಶ್ರುತಿ ಹೋದರೆ ಶ್ರುತಿ ಇಳಿಸಿ, ಹಾಡು ನಿಧಾನ ಮಾಡಿ, ಜೊತೆಗೆ ಹಾಡಿ. ಟೀಚರ್ ಆಗಿದ್ದರೆ ಅಪಸ್ವರದ ಹುಡುಗನನ್ನು ಸಾಲಿನ ಹಿಂದಕ್ಕೆ ಕಳಿಸಬೇಡಿ, ಚೆನ್ನಾಗಿ ಹಾಡೋನ ಪಕ್ಕ ನಿಲ್ಲಿಸಿ. ಆಫೀಸಿನಲ್ಲಿ ಯಾರಾದ್ರೂ ಕೆಟ್ಟದಾಗಿ ಹಾಡಿದರೆ ಮೀಮ್ ಮಾಡೋ ಬದಲು ಪಲ್ಲವಿಗೆ ದನಿ ಕೂಡಿಸಿ. ಮತ್ತೆ ನೀವೇ "ನಂಗ್ ಬರಲ್ಲ" ಅನ್ನೋರಾಗಿದ್ದರೆ, ಆರು ತಿಂಗಳು ಎಲ್ಲಾದರೂ ಕೂತು ಕಲಿತು, ಆಮೇಲೆ ಬರಲ್ಲ ಅನ್ನಿ. ಆಗ ನಂಬ್ತೀನಿ.

ಹೋದ ತಿಂಗಳು ಅಮ್ಮನ ತಿಥಿಗೆ ಊರಿಗೆ ಹೋಗಿದ್ದೆ. ರಾತ್ರಿ ಭಜನೆ ಇತ್ತು. ಮಂಡಳಿಯಲ್ಲಿ ಈಗ ಮೂರೇ ಜನ. ದಮ್ಮಡಿ ಬಾರಿಸುತ್ತಿದ್ದವರು ಹೋದ ಬೇಸಿಗೆಯಲ್ಲಿ ಹೋಗಿಬಿಟ್ಟರು. ತಾಳ ನನ್ನ ಕೈಗೇ ಬಂತು. ಪೇಟಿ ಅಜ್ಜ ಎತ್ತರದಲ್ಲಿ ಶುರು ಮಾಡಿದ. "ಅಜ್ಜಾ, ಒಂದಿಷ್ಟು ಇಳಸ್ತೀಯೇನು?" ಅಂದೆ. ಅವನು ನನ್ನ ಮುಖ ನೋಡಿದ, ಪೇಟಿಯ ಮೇಲೆ ಬೆರಳು ಎರಡು ಪಟ್ಟಿ ಈಚೆಗೆ ತಂದ. ಹಾಡಿದೆ. ಕೈ ನಡುಗುತ್ತಿತ್ತು, ಮೂರನೇ ನುಡಿಯಲ್ಲಿ ದನಿ ಜಾರಿತು, ಮತ್ತೆ ಹಿಡಿದೆ.

ಮುಗಿದ ಮೇಲೆ ಚಹಾ ಬಂತು. ಅಜ್ಜ ಬಸಿಗೆ ಸುರುವಿಕೊಂಡು, ಊದಿ, ಒಂದು ಗುಟುಕು ಕುಡಿದು ಹೇಳಿದ: "ಮೂರನೇದ್ರಾಗ ಜಾರಿದಿ."

"ಹೌದಜ್ಜಾ."

"ನಾಳಿಗೂ ಭಜನಿ ಐತಿ. ರಜಾ ಐತಿಲ್ಲೋ ನಿಂಗ?"